ಅವರೆಕಾಯಿಯ ಕೊಸರು

ಅವ್ವ,

ಇವತ್ತು ಚಾಮರಾಜನಗರದ ಸಂತೆಯಲ್ಲಿ ಚಂದಕವಾಡಿಯ ದೊಡ್ಡಮಾದಮ್ಮನ ಹತ್ತಿರ ಅವರೆಕಾಯಿ ಕೊಂಡೆ. ಸೇರಿಗೆ ಮೂರಾಣೆ ಅಂದಳು. ಚೌಕಾಸಿ ಮಾಡಿ ಎರಡಕ್ಕೆ ಇಳಿಸಿದೆ. ತಕ್ಕಡಿ ಸಮ ನಿಂತ ಕೂಡಲೇ, ಮೇಲೊಂದು ಹಿಡಿಯೂ ಹಾಕದೆ, ಅವಳು ಕೈ ಹಿಂತೆಗೆದಳು.

“ಕೊಸರೆಲ್ಲಿ?” ಅಂದೆ.

“ನಿಮ್ಮವ್ವಾರು ಬೆಲೆ ಕೇಳ್ತಿರ್ನಿಲ್ಲ, ನಾನು ತಕ್ಕಡಿ ನೋಡ್ತಿರ್ನಿಲ್ಲ. ನೀವು ಓದ್ದೋರು, ಎರಡೂ ನೋಡ್ತೀರಿ ಕಣ್ ಸ್ವಾಮಿ!”

ಪಕ್ಕದವರು ನಕ್ಕರು.

ಮೋಸ ಹೋಗುತ್ತೀಯೆಂದು ಇದೇ ಜಾಗದಲ್ಲಿ, ಎಲ್ಲರೆದುರು ನಿನ್ನನ್ನು ಗದರಿದ್ದೆ. ಮುಂದಿನ ವಾರ ನೀನು ಚೀಲವನ್ನು ನನ್ನ ಕೈಗೆ ಕೊಟ್ಟೆ. ಮತ್ತೆ ಸಂತೆಗೆ ಬರಲಿಲ್ಲ. ಬೆಲೆಯ ವಿಷಯದಲ್ಲಿ ನನ್ನ ಮಾತು ಸರಿಯೇ ಇತ್ತು, ಈಗಲೂ ಹಾಗೇ ಹೇಳುತ್ತೇನೆ.

ಆದರೂ ಮೂರನೆಯ ಆಣೆ ಕೊಟ್ಟೆ. ಅವಳು ಬೊಗಸೆ ತುಂಬ ಕಾಯಿ ಎತ್ತಿ, “ಇದು ನಿಮ್ಮವ್ವಾರ್ಗೆ. ನಾನ್ ಕೊಟ್ಟೆ ಅನ್ನಿ,” ಅಂದಳು.

ನೀನು ತೀರಿಕೊಂಡದ್ದು ಅವಳಿಗೆ ಗೊತ್ತಿಲ್ಲ. ನಾನು ಚೀಲದ ಬಾಯಿ ಅಗಲಿಸಿ ಹಿಡಿದೆ.