ಬರಹದಮ್ಮ ಓದಿದ ಕಾಗದ

ಮಾರ್ಚ್ ೧೨, ಮಂಗಳವಾರ
ಸಂಜೆ, ಬಾಡಿಗೆ ಕೋಣೆಯಿಂದ

ಮನೆಯೊಳಗೇ ಇದ್ದುಕೊಂಡು ಮನೆಯಲ್ಲಿ ಯಾರೂ ಇಲ್ಲ ಅನ್ನುವ ನನ್ನ ಅಮ್ಮನಿಗೆ,

ಭಾನುವಾರ ನಾನು ಬಾಗಿಲು ತಟ್ಟಿದಾಗ ನೀನು ಹಾಗೆಂದೆ, ನಿನ್ನ ದನಿಯಲ್ಲೇ. ಮೊದಲು ನಗು ಬಂತು. ಮೆಟ್ಟಿಲಿಳಿಯುವಾಗ ಅಳು ಬಂತು. ಎದುರಿಗೆ ಕೂತರೆ ನೀನು ಅರ್ಧಕ್ಕೇ ಎದ್ದು ಹೋಗುತ್ತೀಯ, ನಾನು ಅರ್ಧಕ್ಕೇ ದನಿ ಏರಿಸುತ್ತೇನೆ. ಕಾಗದದಲ್ಲಿ ಇಬ್ಬರಿಗೂ ಆ ಸೌಕರ್ಯ ಇಲ್ಲ. ನಮ್ಮ ಭಾಷೆಯಲ್ಲೇ ಬರೆಯುತ್ತಿದ್ದೇನೆ. ಇದನ್ನು ನೀನು ನನಗಿಂತ ಚೆನ್ನಾಗಿ ಓದುತ್ತೀಯ.

ಕ್ಷಮೆ ಕೇಳುವುದಕ್ಕೆ ಬರೆಯುತ್ತಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ. ನಾಡಿದ್ದು ಗುರುವಾರ ಹನ್ನೊಂದು ಗಂಟೆಗೆ ಲಾಂಡ್ರಿಯ ಆಫೀಸಿನಲ್ಲಿ ವಿಚಾರಣೆ ಇದೆ. ಕಾರ್ಮಿಕ ಇಲಾಖೆಯ ಅಧಿಕಾರಿ ಬರುತ್ತಾರೆ. ಉದ್ದಜಡೆ ಅಕ್ಕನ ಬಲಗೈ ಇಸ್ತ್ರಿ ಯಂತ್ರದ ರೋಲರಿಗೆ ಸಿಕ್ಕಿದ್ದು ಯಾರ ತಪ್ಪಿನಿಂದ ಅಂತ ಅವತ್ತು ತೀರ್ಮಾನವಾಗುತ್ತದೆ. ಅವಳದೇ ತಪ್ಪು ಅಂತಾದರೆ ಕೆಲಸ ಹೋಯಿತು, ಆ ಕೈಗೆ ಇನ್ನೂ ಆಗಬೇಕಾದ ಎರಡು ಆಪರೇಷನ್ನೂ ಅವಳ ಪಾಡು. ತಪ್ಪು ತನ್ನದೇ ಅಂತ ಅವಳೇ ಒಪ್ಪಿಕೊಂಡ ಹಾಗೆ ಒಂದು ಇಂಗ್ಲಿಷ್ ಕಾಗದ ಅವರ ಹತ್ತಿರ ಇದೆ, ಅದಕ್ಕೆ ಅವಳ ಎಡಗೈ ಹೆಬ್ಬೆಟ್ಟು ಬಿದ್ದಿದೆ. ಆಸ್ಪತ್ರೆಯ ಮಂಚದ ಪಕ್ಕ ನಿಂತು ಆ ಕಾಗದವನ್ನು ಅವಳಿಗೆ ಓದಿ ಹೇಳಿದವಳು ನೀನು. ನೀನು ಗುರುವಾರ ಬಂದು, ನನಗೆ ಇಂಗ್ಲಿಷ್ ಓದಲು ಬರುವುದಿಲ್ಲ ಅಂತ ಒಂದು ಮಾತು ಹೇಳಬೇಕು. ನಾನು ಕೇಳುತ್ತಿರುವುದು ಇಷ್ಟೇ. ಅದು ಇಷ್ಟೇ ಅಲ್ಲ ಅಂತಲೂ ನನಗೆ ಗೊತ್ತು.

ಊಟದ ವಿರಾಮದಲ್ಲಿ ನಾನು ಒಣಗಿಸುವ ಕೋಣೆಯಲ್ಲಿ ಹೆಂಗಸರ ತಲೆ ಕೆಡಿಸುತ್ತಿದ್ದೇನೆ ಅಂತ ಸೀಟಿ ಮೇಸ್ತ್ರಿ ನಿನಗೆ ಚಾಡಿ ಹೇಳಿದನಂತೆ. ನಾನು ಏನನ್ನಾದರೂ ಕೆಡಿಸಿದ್ದರೆ ಅದು ಇಂಗ್ಲಿಷ್ ವ್ಯಾಕರಣವನ್ನು. ಹಳೇ ಪೇಪರ್ ಅಂಗಡಿಯಿಂದ ತೂಕಕ್ಕೆ ತಂದ ಆ ತೆಳು ಪುಸ್ತಕಗಳು ನಿನಗೆ ನೆನಪಿರಬೇಕು, ಹಾಸಿಗೆ ಕೆಳಗೆ ಇಟ್ಟು ನಿನ್ನಿಂದ ಬೈಸಿಕೊಳ್ಳುತ್ತಿದ್ದೆ. ಅರ್ಧ ದುಡಿಯುವವರ ಹಕ್ಕಿನ ಬಗ್ಗೆ, ಅರ್ಧ ಇಂಗ್ಲಿಷ್ ಕಲಿಯುವ ಬಗ್ಗೆ. ಎರಡೂ ಒಂದೇ ವಿಷಯ ಅಂತ ನನಗೆ ಆಗಲೇ ಅನ್ನಿಸಿತ್ತು. ವ್ಯಾಕರಣದ ಪುಸ್ತಕದಲ್ಲಿ ಹನ್ನೆರಡನೇ ಪಾಠ ಹರಿದುಹೋಗಿತ್ತು. ನನ್ನ ಇಂಗ್ಲಿಷಿನಲ್ಲಿ ಈಗಲೂ ಅಷ್ಟಗಲದ ಒಂದು ತೂತಿದೆ.

ಶುರುವಿನಲ್ಲಿ ಮೂರೇ ಜನ. ಉದ್ದಜಡೆ ಅಕ್ಕನನ್ನು ಕರೆದರೆ, ನನಗ್ಯಾಕೆ ಮಾರಾಯ್ತಿ, ನಿಮ್ಮಮ್ಮ ಇದ್ದಾಳಲ್ಲ ಅನ್ನುತ್ತಿದ್ದಳು. ಅವಳಿಗೆ ಬುತ್ತಿ ಮುಗಿಸಿ ಹತ್ತು ನಿಮಿಷ ಕಾಲು ಚಾಚುವುದೇ ದೊಡ್ಡ ವ್ಯಾಕರಣ. ಕೈ ಹೋದ ಮೇಲೆ, ಬ್ಯಾಂಡೇಜು ಸಣ್ಣದಾದ ಮೇಲೆ, ಒಂದು ದಿನ ತಾನಾಗಿಯೇ ಬಂದು ಕೂತಳು. ಎಡಗೈಯಲ್ಲಿ ಸೀಮೆಸುಣ್ಣ ಹಿಡಿದಳು. ಆರು ವಾರ ಒಂದು ದಿನವೂ ತಪ್ಪಿಸಲಿಲ್ಲ.

ಪುಸ್ತಕದಲ್ಲಿ ಇದ್ದ ಹಾಗೆ ಹೇಳಿದರೆ ಯಾರಿಗೂ ತಲೆಗೆ ಹೋಗಲಿಲ್ಲ. ಅದಕ್ಕೆ ನಮ್ಮ ಕೆಲಸದ ಮಾತಿನಲ್ಲಿ ಹೇಳಿದೆ. ಪದಗುಚ್ಛ ಅಂದರೆ ಗಂಟು. ಆಸ್ಪತ್ರೆಯ ಬಟ್ಟೆ ಗಂಟು ಗಂಟಾಗಿ ಬರುವ ಹಾಗೆ ಇಂಗ್ಲಿಷ್ ಪದಗಳೂ ನಾಲ್ಕೈದು ಒಟ್ಟಿಗೆ ಕಟ್ಟಿಕೊಂಡು ಬರುತ್ತವೆ. ‘ಆನ್ ದಿ ಟೇಬಲ್’ ಒಂದು ಗಂಟು. ‘ಇನ್ ದಿ ಮಾರ್ನಿಂಗ್’ ಇನ್ನೊಂದು. ಒಂದೊಂದನ್ನೇ ಎತ್ತಿ ಪಕ್ಕಕ್ಕಿಡುತ್ತಾ ಹೋದರೆ ಕೊನೆಗೆ ಉಳಿಯುವುದು ಯಾರು ಮತ್ತು ಏನು ಮಾಡಿದರು ಅನ್ನುವುದು. ಅದೇ ವಾಕ್ಯದ ಬೆನ್ನುಮೂಳೆ. ನಮ್ಮ ಮಾತಿನಲ್ಲಿ ಏನು ಮಾಡಿದರು ಅನ್ನುವುದು ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಅದು ಯಾರು ಅನ್ನುವುದರ ಬೆನ್ನಿಗೇ ಅಂಟಿಕೊಂಡು ಬರುತ್ತದೆ ಅಂದೆ. ಬಟ್ಟೆ ತೊಳೆಯುವ ಹಾಲ್‌ನ ದೊಡ್ಡಮ್ಮ ಇದಕ್ಕೆ ಒಪ್ಪಲೇ ಇಲ್ಲ. ಎಲ್ಲಾ ಮೊದಲೇ ಹೇಳಿಬಿಟ್ಟರೆ ಆಮೇಲೆ ಕೂತು ಕೇಳೋಕೆ ಏನಿದೆ ಅಂದಳು.

ಕ್ರಿಯಾಪದದ ರೂಪಗಳಿಗೆ ಮೂರು ತೊಟ್ಟಿ ಇಟ್ಟೆವು. ಮೊದಲನೆಯದರಲ್ಲಿ ‘ವಾಶ್’, ಮುಂದಿನ ಎರಡರಲ್ಲೂ ‘ವಾಶ್ಡ್’. ಇದು ಸುಲಭವಾಯಿತು. ‘ಗೋ’ ಹಾಕಿದರೆ ‘ವೆಂಟ್’ ಬರುತ್ತದೆ ಅಂದಾಗ ಮಾತ್ರ ಗದ್ದಲ. ಹಾಕಿದ್ದು ಹೊದಿಕೆ, ಈಚೆ ಬಂದಿದ್ದು ದಿಂಬಿನ ಕವರು, ಯಾರದೋ ಬಟ್ಟೆ ಕಲಸಿದೆ ನೋಡು ಅಂತ ದೊಡ್ಡಮ್ಮ ಅಂದಳು. ನಾವು ನಕ್ಕ ನಗುವಿಗೆ ಮೇಸ್ತ್ರಿ ಹೊರಗಿನಿಂದ ಸೀಟಿ ಊದಿದ. ಕೆಲಸದ ಜಾಗದಲ್ಲಿ ಹೆಂಗಸರು ನಕ್ಕರೆ ಯಂತ್ರ ಕೆಡುತ್ತದೆ ಅನ್ನುವ ಹಾಗೆ ಊದುತ್ತಾನೆ ಅವನು.

ಕಳೆದ ಗುರುವಾರ ಉದ್ದಜಡೆ ಅಕ್ಕ ತನ್ನ ಕಾಗದದ ನಕಲನ್ನು ರವಿಕೆಯೊಳಗಿಂದ ತೆಗೆದು ಮೇಜಿನ ಮೇಲಿಟ್ಟಳು. ಇವತ್ತು ಇದನ್ನು ಓದೋಣ ಅಂದಳು. ನಾನು ಕಾಗದದ ಕೆಳತುದಿಯನ್ನು ಮಡಿಸಿ, ನಡುವಿನ ಒಂದು ಸಾಲಿಗೆ ಬೆರಳಿಟ್ಟೆ. ‘ಐ ರಿಮೂವ್ಡ್ ದಿ ಗಾರ್ಡ್ ವಿತೌಟ್ ಪರ್ಮಿಷನ್ ಟು ಫಿನಿಶ್ ದಿ ವರ್ಕ್ ಅರ್ಲಿ.’ ಅವಳೇ ಗಂಟು ಬಿಡಿಸಿದಳು, ನಾನು ಬಾಯಿ ಹಾಕಲಿಲ್ಲ. ಯಾರು? ನಾನು. ಏನು ಮಾಡಿದೆ? ತೆಗೆದೆ. ಏನನ್ನು? ಕೈ ಸಿಗದ ಹಾಗೆ ರೋಲರಿಗೆ ಅಡ್ಡ ಇರುವ ಕಂಬಿಯನ್ನು. ಹೇಗೆ? ಯಾರನ್ನೂ ಕೇಳದೆ. ಯಾಕೆ? ಕೆಲಸ ಬೇಗ ಮುಗಿಯಲಿ ಅಂತ. ಒಂದೊಂದಾಗಿ ಹೇಳುತ್ತಾ ಅವಳ ದನಿ ತಗ್ಗಿತು. ಆ ಕಂಬಿಗೆ ದೊಡ್ಡ ಚಾದರ ಸಿಕ್ಕಿಕೊಳ್ಳುತ್ತದೆ ಅಂತ ಮೇಸ್ತ್ರಿಯೇ ಮೆಕ್ಯಾನಿಕ್ ಕೈಲಿ ಹಿಂದಿನ ವಾರ ತೆಗೆಸಿ ಮೂಲೆಗೆ ಹಾಕಿದ್ದು ಹಾಲ್‌ನಲ್ಲಿ ಎಲ್ಲರಿಗೂ ಗೊತ್ತು. ಅವಳು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಇದರಲ್ಲಿ ನನ್ನ ಕೈ ಎಲ್ಲಿದೆ?” ಅಂದಳು.

ಆಮೇಲೆ ಅವಳು ನನ್ನ ಕಡೆ ನೋಡಿ, ನಿಮ್ಮಮ್ಮ ಹೀಗೆ ಓದಲಿಲ್ಲ ಕಣೇ ಅಂದಳು. ಯಂತ್ರಕ್ಕೆ ಕೈ ಸಿಕ್ಕಿತು, ಕಂಪನಿಯವರೇ ಗುಣವಾಗುವವರೆಗೆ ನೋಡಿಕೊಳ್ಳುತ್ತಾರೆ ಅಂತ ಬರೆದಿದೆ ಅಂದಿದ್ದಳು. ದೂರಿನ ಹಾಗೆ ಹೇಳಲಿಲ್ಲ. ಅದೇ ನನಗೆ ಚುಚ್ಚಿತು.

ಅಮ್ಮ, ಶನಿವಾರ ನಾನು ಮನೆಗೆ ಬಂದು ಆ ಕಾಗದವನ್ನು ಇನ್ನೊಮ್ಮೆ ಓದು ಅಂದಾಗ ನಿನ್ನ ಕೈಗೆ ಕೊಟ್ಟಿದ್ದು ಅದಲ್ಲ. ಸೋಪಿನ ಪುಡಿಯ ಡಬ್ಬದಲ್ಲಿ ಬರುವ ಸೂಚನೆಯ ಹಾಳೆ. ಒಂದೇ ಅಳತೆಯ ಇಂಗ್ಲಿಷ್ ಹಾಳೆಗಳು, ಗಡಿಬಿಡಿಯಲ್ಲಿ ಅದಲುಬದಲಾಯಿತು ಅಂತ ನಿನಗೆ ಹೇಳಿದೆ. ನೀನು ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು, ಸಾಲು ಸಾಲಾಗಿ ಓದಿದೆ. ಎಷ್ಟು ನೀರಿಗೆ ಎಷ್ಟು ಚಮಚ ಅನ್ನುವಲ್ಲಿ ಬೆರಳು ಇತ್ತು, ಬಾಯಲ್ಲಿ ಕಂಪನಿಯವರೇ ನೋಡಿಕೊಳ್ಳುತ್ತಾರೆ ಅಂತ ಇತ್ತು. ನಾನು ಹಾಳೆಯನ್ನು ತಿರುಗಿಸಿ ಡಬ್ಬದ ಚಿತ್ರ ತೋರಿಸಿದೆ. ನೀನು ಅದನ್ನು ಮಡಿಸಿ ನನ್ನ ಕೈಗೆ ಕೊಟ್ಟು, ಸ್ಟವ್ ಆರಿಸಿ, ಹೊರಟುಹೋಗು ಅಂದೆ.

ಅದಲುಬದಲಾಗಿರಲಿಲ್ಲ. ಬೇಕೆಂತಲೇ ಕೊಟ್ಟೆ. ನೀನು ಗೊತ್ತಿದ್ದೂ ಸುಳ್ಳು ಓದಿದೆಯೋ, ನಿನಗೆ ಓದಲೇ ಬರುವುದಿಲ್ಲವೋ, ನನಗೆ ತಿಳಿಯಬೇಕಿತ್ತು. ಎರಡನೆಯದೇ ಆಗಿರಲಿ ಅಂತ ದಾರಿಯುದ್ದಕ್ಕೂ ಬೇಡಿಕೊಂಡು ಬಂದೆ. ಹಾಗೇ ಆಯಿತು, ಆದರೂ ಸಂತೋಷವಾಗಲಿಲ್ಲ.

ಅವತ್ತಿನಿಂದ ಒಂದೊಂದೇ ನೆನಪಾಗುತ್ತಿದೆ. ನಾನು ಶಾಲೆಯ ಇಂಗ್ಲಿಷ್ ಪಾಠ ತಂದರೆ ನೀನು, ನನ್ನ ಕಣ್ಣು ಉರಿಯುತ್ತಿದೆ, ನೀನೇ ಗಟ್ಟಿಯಾಗಿ ಓದು ಅನ್ನುತ್ತಿದ್ದೆ. ತಪ್ಪು ಓದಿದರೂ ತಲೆಯಾಡಿಸುತ್ತಿದ್ದೆ. ಒಮ್ಮೆ ಮಾತ್ರ ಇನ್ನೊಂದು ಸಲ ಓದು ಅಂದೆ. ಅಮ್ಮ ತಪ್ಪು ಹಿಡಿದಳು ಅಂದುಕೊಂಡು ನಾನು ಹೆದರಿ ಮತ್ತೆ ಓದಿದೆ. ನೀನು ಕೇಳಲು ಚೆಂದ ಅಂತ ಓದಿಸಿದೆ ಅಂತ ಈಗ ಗೊತ್ತಾಗುತ್ತಿದೆ.

ಇದು ಹೇಗೆ ಶುರುವಾಯಿತು ಅಂತ ದೊಡ್ಡಮ್ಮ ಹೇಳಿದಳು. ನನಗೆ ಆಗ ನಾಲ್ಕು ವರ್ಷ. ನೀನು ತೊಳೆಯುವ ಹಾಲ್‌ನಲ್ಲಿ, ಪಾದದ ತನಕ ನೀರಿನಲ್ಲಿ. ನಾನು ಮೆಟ್ಟಿಲ ಕೆಳಗೆ ಕೂತು ಕೆಮ್ಮುತ್ತಿದ್ದೆ. ಬಟ್ಟೆಯ ಮೂಲೆಗೆ ಒಗೆದರೂ ಹೋಗದ ಮಸಿಯಲ್ಲಿ ಇಂಗ್ಲಿಷ್ ಅಕ್ಷರದ ಗುರುತು ಹಾಕಬೇಕು, ಯಾರಿಗೆ ಬರುತ್ತದೆ ಅಂತ ಮೇಸ್ತ್ರಿ ಕೇಳಿದ. ನೀನು ಕೈ ಎತ್ತಿದೆ. ನೋಡಿ ಬರೆಯುವುದು ನಿನಗೆ ಬರುತ್ತಿತ್ತು, ಅಚ್ಚು ಹೊಡೆದ ಹಾಗೆ. ಗುರುತಿನ ಕೋಣೆಯಲ್ಲಿ ನೆಲ ಒಣಗಿತ್ತು, ಕಿಟಕಿ ಇತ್ತು, ಮಗು ಮಲಗಲು ಜಾಗ ಇತ್ತು. ಒಂದು ತಿಂಗಳಿಗೆ ಬರಹದಮ್ಮ ಅಂತ ಹೆಸರು ಬಿತ್ತು. ಅಕ್ಷರ ಬರೆಯುವವಳಿಗೆ ಓದಲು ಬಾರದೇ ಇರುತ್ತದೆಯೇ ಅಂತ ಎಲ್ಲರೂ ಕಾಗದ ತಂದರು. ಒಳಗೆ ಏನಿದೆ ಅಂತ ಮೇಸ್ತ್ರಿ ಬಾಗಿಲ ಹೊರಗೇ ನಿನಗೆ ಹೇಳಿರುತ್ತಿದ್ದ. ನೀನು ಅದನ್ನೇ ಓದುತ್ತಿದ್ದೆ. ಅವನಿಗೆ ಬೇಕಾಗಿದ್ದು ಓದಲು ಬರುವವಳಲ್ಲ, ಜನ ನಂಬುವವಳು.

ಅವನು ನಿನಗೂ ಸುಳ್ಳು ಹೇಳಿದ ಅಮ್ಮ. ಹದಿನೆಂಟು ವರ್ಷದಲ್ಲಿ ಇನ್ನೆಷ್ಟು ಹೇಳಿದನೋ, ಅದನ್ನು ನಾವು ಒಂದೊಂದಾಗಿ ಬಿಚ್ಚಿ ಓದುತ್ತೇವೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇಲ್ಲ, ಇದೆ. ನನ್ನ ಕೆಮ್ಮನ್ನು ಮುಂದಿಟ್ಟುಕೊಂಡು ನೀನು ಸುಮ್ಮನಿದ್ದರೆ, ಒಣ ಕೋಣೆಯಲ್ಲಿ ಮಲಗಿದ ಆ ಮಗುವಿನ ಪರವಾಗಿ ನಾನೇ ಹೇಳುತ್ತೇನೆ, ಅವಳಿಗೆ ಈಗ ಇಪ್ಪತ್ತೆರಡು, ಕೆಮ್ಮಿಲ್ಲ, ಯಾರ ಕೈಯನ್ನೂ ಬೆಲೆಯಾಗಿ ಕೊಡಬೇಕಾಗಿಲ್ಲ. ಇದು ಪುಸ್ತಕದ ಮಾತು ಅನ್ನುತ್ತೀಯ. ಅನ್ನು. ನನ್ನನ್ನು ಪುಸ್ತಕ ಓದಲು ಕಳಿಸಿದವಳು ನೀನೇ.

ಹೊರಟುಹೋಗು ಅಂದ ಮೇಲೂ, ನಾನು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ, ನೀನು ಗೋಡೆಗೆ ಹೇಳುವ ಹಾಗೆ ಒಂದು ಮಾತು ಹೇಳಿದೆ.

“ಓದೋಕೆ ಬರಲ್ಲ ಅಂತ ಹೇಳಿಬಿಟ್ರೆ, ಆಮೇಲೆ ನಾನು ಅಲ್ಲಿ ಯಾರು?”

ಮೂರು ದಿನದಿಂದ ಅದಕ್ಕೆ ಉತ್ತರ ಹುಡುಕುತ್ತಿದ್ದೇನೆ. ಗುರುತಿನ ಕೋಣೆಯಿಂದ ನಿನ್ನನ್ನು ಮತ್ತೆ ನೀರಿಗೆ ಇಳಿಸುತ್ತೇನೆ ಅಂತ ಮೇಸ್ತ್ರಿ ಹೆದರಿಸಿದ್ದೂ ಗೊತ್ತು. ಇಳಿಸಬಹುದು. ಹೆಂಗಸರು ಒಂದು ವಾರ ಮುಖ ತಿರುಗಿಸಬಹುದು. ನಾನು ಸುಳ್ಳು ಧೈರ್ಯ ಹೇಳುವುದಿಲ್ಲ. ಇಳಿಸಿದರೆ ನಾನೂ ನಿನ್ನ ಪಕ್ಕದ ತೊಟ್ಟಿಗೆ ಬರುತ್ತೇನೆ. ಊಟದ ವಿರಾಮದಲ್ಲಿ ಮೇಜಿನ ಆ ತುದಿಯಲ್ಲಿ ಜಾಗ ಇದೆ, ಸೀಮೆಸುಣ್ಣ ಇದೆ. ನಿನ್ನಷ್ಟು ಚೆಂದ ಅಕ್ಷರ ಬರೆಯುವವರು ನಮ್ಮಲ್ಲಿ ಯಾರೂ ಇಲ್ಲ. ಅವು ಏನು ಹೇಳುತ್ತವೆ ಅನ್ನುವುದಷ್ಟೇ ಬಾಕಿ. ಅದಕ್ಕೆ ಆರು ವಾರ ಸಾಕು, ಒಂದೇ ಕೈಯಿದ್ದರೂ ಸಾಕು ಅಂತ ಒಬ್ಬಳು ತೋರಿಸಿದ್ದಾಳೆ.

ಗುರುವಾರ ಹತ್ತೂವರೆಗೆ ಗೇಟಿನ ಹತ್ತಿರ ನಿಂತಿರುತ್ತೇನೆ. ಹಸಿರು ಸೀರೆ ಉಟ್ಟು ಬಾ, ಅದರಲ್ಲಿ ನೀನು ಯಾರಿಗೂ ಬಗ್ಗದವಳ ಹಾಗೆ ಕಾಣುತ್ತೀಯ. ಬರದಿದ್ದರೂ ನಾನು ಒಳಗೆ ಹೋಗುತ್ತೇನೆ.

ನಿನ್ನ ಹಟವನ್ನೇ ಹೊತ್ತು ಹುಟ್ಟಿದ,
ನಿನ್ನ ಮಗಳು

ಮರೆತು ಅಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡಿದ್ದು: ಆ ಕಾಗದದ ಕೆಳತುದಿ ನಾನು ಯಾಕೆ ಮಡಿಸಿದೆ ಅಂತ ನೀನು ಕೇಳಬೇಕಿತ್ತು. ಅಲ್ಲಿ ಸಾಕ್ಷಿಯ ಸಹಿ ಇದೆ. ಅದು ನನ್ನದು. ನೀನೂ ಮೇಸ್ತ್ರಿಯೂ ಆಸ್ಪತ್ರೆಯಿಂದ ಬಂದ ದಿನ ಅವನು ನನ್ನ ಪಾಠದ ಮಧ್ಯೆ ಬಂದು, ನಿಮ್ಮಮ್ಮ ಓದಿ ಹೇಳಿದ್ದಾಳೆ, ನೀನು ಇಂಗ್ಲಿಷ್ ಬಲ್ಲವಳು, ಸಾಕ್ಷಿ ಹಾಕು ಅಂದ. ಮೂವರ ಎದುರು ಹಾಗೆ ಕರೆಸಿಕೊಂಡಿದ್ದಕ್ಕೆ ಹಿಗ್ಗಿ, ಒಂದು ಸಾಲೂ ಓದದೆ, ಇಂಗ್ಲಿಷಿನಲ್ಲಿ ಸುಳಿ ಎಳೆದು ಸಹಿ ಹಾಕಿದೆ. ನಿನಗೆ ಓದಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು. ಗುರುವಾರ ಮೊದಲು ಎದ್ದು ಹೇಳುವವಳು ನಾನು, ನೀನು ಆಮೇಲೆ. ಇವತ್ತು ಮಧ್ಯಾಹ್ನ ಉದ್ದಜಡೆ ಅಕ್ಕನಿಗೆ ಇದನ್ನು ಹೇಳಿದೆ. ಅವಳು ಸೀಮೆಸುಣ್ಣ ಕೆಳಗಿಡಲೂ ಇಲ್ಲ. “ಕಳೆದ ಗುರುವಾರವೇ ಮನೆಗೆ ಹೋಗಿ ಮಡಿಕೆ ಬಿಚ್ಚಿ ನಿನ್ನ ಹೆಸರು ಕೂಡಿಸಿ ಓದಿದೆ, ನೀನಾಗಿ ಯಾವಾಗ ಹೇಳ್ತೀಯೋ ಅಂತ ಕಾಯ್ತಿದ್ದೆ” ಅಂದಳು. ಅವಳು ನಿನಗೂ ಕಾಯುತ್ತಿದ್ದಾಳೆ.