ಗೋಡೆಯಾಚೆಯ ಹಾಜರಿ

ಗದಗ
ಹದಿಮೂರನೇ ತಿಂಗಳ ಒಂಬತ್ತನೇ ದಿನ, 2203

ಶಾರದಾ ಅಬ್ಬಿಗೇರಿ ಅಕ್ಕೋರಿಗೆ ನಮಸ್ಕಾರಗಳು.

ಮೇಲಿನ ತಾರೀಖು ನಿಮಗೆ ತಪ್ಪಾಗಿ ಕಾಣುತ್ತದೆ. ನಮ್ಮ ವರ್ಷಕ್ಕೆ ಹದಿಮೂರು ತಿಂಗಳು. ಏಕೆ ಹಾಗೆ ಮಾಡಿದರೋ ನನಗೂ ಸರಿಯಾಗಿ ಗೊತ್ತಿಲ್ಲ. ನನ್ನ ಮಾತುಗಳಲ್ಲಿ ಕೆಲವು ವಿಚಿತ್ರವೆನಿಸಿದರೆ ಕ್ಷಮಿಸಿ. ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಈಗಲೂ ಅಕ್ಕೋರು ಎಂದೇ ಕರೆಯುತ್ತೇವೆ, ಅಷ್ಟು ಮಾತ್ರ ಬದಲಾಗಿಲ್ಲ. 2026ರಲ್ಲಿ ನೀವು ಪಿಯುಸಿ ಎರಡನೇ ವರ್ಷದ ಮಕ್ಕಳ ಹಾಜರಿ ಹಾಕಿದ ಪುಸ್ತಕ ನಮ್ಮ ಶಾಲೆಯ ತಗಡಿನ ಕಪಾಟಿನಲ್ಲಿ ಸಿಕ್ಕಿತು. ಅದರ ಕೊನೆಯ ಖಾಲಿ ಹಾಳೆಯ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಹಿಂದಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ. ಆದರೂ ಬರೆಯುತ್ತೇನೆ, ಏಕೆಂದರೆ ಇಲ್ಲಿ ನನ್ನ ಮಾತು ಕೇಳುವವರು ಯಾರೂ ಇಲ್ಲ.

ನಮ್ಮ ಮಕ್ಕಳ ಕಿವಿಯಲ್ಲಿ ಐದನೇ ವಯಸ್ಸಿನಿಂದ ಜೊತೆದನಿ ಇರುತ್ತದೆ. ಅದು ಕಡಲೆಕಾಳಿನಷ್ಟು ಸಣ್ಣ ಯಂತ್ರ. ಯಾವ ಅಂಗಿ ಹಾಕಿಕೊಳ್ಳಬೇಕು, ಸಾರಿಗೆ ಎಷ್ಟು ಉಪ್ಪು, ಯಾರ ಜೊತೆ ರಾಜಿಯಾಗಬೇಕು, ಎಲ್ಲವನ್ನೂ ಅದೇ ಹೇಳುತ್ತದೆ. ಹದಿನೇಳು ತುಂಬಿದಾಗ, ಕಾಲೇಜಿಗೆ ಹೋಗುವ ಮುನ್ನ, ಅದನ್ನು ತೆಗೆದು ಮಕ್ಕಳನ್ನು ನಲವತ್ತು ದಿನ 'ಒಬ್ಬರ ಕೋಣೆ'ಯಲ್ಲಿ ಇರಿಸುತ್ತೇವೆ. ಅಲ್ಲಿ ತಾವೇ ಏಳಬೇಕು, ತಾವೇ ಬೇಯಿಸಬೇಕು, ಬಾಗಿಲಿಗೆ ಬಂದು ಏನೇನೋ ಮಾರುವವರಿಗೆ ಬೇಡ ಎನ್ನಬೇಕು. ನಲವತ್ತನೇ ದಿನ ಯಾವ ಕಾಲೇಜು, ಮುಂದೆ ಯಾವ ಕೆಲಸ ಎಂದು ತಮ್ಮ ಕೈಯಾರೆ ಬರೆದುಕೊಡಬೇಕು. ಆಮೇಲೆ ಬೇಕಾದವರು ಜೊತೆದನಿಯನ್ನು ಮತ್ತೆ ಹಾಕಿಸಿಕೊಳ್ಳಬಹುದು. ಕಳೆದ ವರ್ಷ ಒಬ್ಬ ಎರಡು ಅಂಗಿ ಹಿಡಿದುಕೊಂಡು ಮಧ್ಯಾಹ್ನದವರೆಗೆ ನಿಂತೇ ಇದ್ದ. ಮತ್ತೊಬ್ಬಳು ನೀರು ಹಾಕದೆ ಅಕ್ಕಿಯನ್ನು ಒಲೆಗಿಟ್ಟು, ಅನ್ನವಾಗಲಿ ಎಂದು ಭಕ್ತಿಯಿಂದ ಕಾದಳು.

ನಗು ಬರುತ್ತದೆ, ಆದರೆ ನಗುವಂತಿಲ್ಲ. ಗೋಡೆಯ ಈಚೆ ಕೂತು, ಸಣ್ಣ ಕಿಂಡಿಯಿಂದ ನೋಡುತ್ತ, ಬಾಯಿ ಮುಚ್ಚಿಕೊಂಡಿರುವುದೇ ನನ್ನ ಕೆಲಸ. ಮಕ್ಕಳಿಗೆ ನಾನು ಗೋಡೆ ಅಕ್ಕೋರು. ಜೀವಕ್ಕೆ ಅಪಾಯವಾದರೆ ಮಾತ್ರ ಒಳಗೆ ಹೋಗಬಹುದು. ಮಗು ಏನಾದರೂ ಕೇಳಿದಾಗ ಉತ್ತರ ಕೊಟ್ಟರೆ ಅದರ ನಲವತ್ತು ದಿನವೂ ರದ್ದಾಗುತ್ತದೆ, ಕಾಲೇಜಿನ ಸೀಟು ಕೈತಪ್ಪುತ್ತದೆ. ಈ ಕೆಲಸ ಮಾಡುವವರ ಕಿವಿಯಲ್ಲೂ ಜೊತೆದನಿ ಇರಬಾರದೆಂದು ನನ್ನದನ್ನು ಹತ್ತೊಂಬತ್ತು ವರ್ಷಗಳ ಹಿಂದೆಯೇ ತೆಗೆದರು. ಮನೆಗೆ ಹೋದರೆ ನನ್ನ ಗಂಡ ತಮ್ಮ ಜೊತೆದನಿಯೊಡನೆ ಹರಟುತ್ತ ಊಟ ಮಾಡುತ್ತಿರುತ್ತಾರೆ. ನಾನು ಬಡಿಸಿಕೊಂಡು ಎದುರಿಗೆ ಕೂರುತ್ತೇನೆ. ಒಂದೊಂದು ದಿನ ಉಪ್ಪಿನಕಾಯಿ ಬೇಕೇ ಎಂದು ಕೇಳುತ್ತಾರೆ, ಆದರೆ ಕೇಳಿದ್ದು ನನ್ನನ್ನೋ ಜೊತೆದನಿಯನ್ನೋ ತಿಳಿಯುವುದಿಲ್ಲ.

ಮೂರು ವರ್ಷಗಳ ಹಿಂದೆ ಜೈನಬಿ ನದಾಫ ಎಂಬ ಹುಡುಗಿ ಕೋಣೆಗೆ ಬಂದಳು. ಜಾಣೆ. ಮೊದಲ ವಾರದಲ್ಲೇ ರೊಟ್ಟಿ ಬಡಿಯಲು ಕಲಿತಳು. ದುಂಡಗಾಗಲಿಲ್ಲ, ಆದರೆ ಚೆನ್ನಾಗಿ ಬೆಂದಿದ್ದವು. ಮೂವತ್ತೊಂದನೇ ದಿನ ಅವಳಿಗೆ ಜ್ವರ ಬಂತು. ತಾನೇ ಮಾತ್ರೆ ಹುಡುಕಿ ನುಂಗಿದಳು, ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡಳು. ಆಮೇಲೆ ಹಾಸಿಗೆಯನ್ನು ಗೋಡೆಯ ಹತ್ತಿರ ಎಳೆದುಕೊಂಡು, ನಾನು ಈಚೆ ಇದ್ದೇನೋ ಇಲ್ಲವೋ ಎಂದು ಮೆಲ್ಲಗೆ ಕೇಳಿದಳು.

"ಅಕ್ಕೋರ, ಅದೀರೇನ್ರಿ?"

ನಾನು ಕಿಂಡಿಯ ಹತ್ತಿರಕ್ಕೆ ಸರಿದೆ. ಅವಳೇ ಮುಂದುವರಿಸಿದಳು.

"ಬ್ಯಾರೆ ಏನೂ ಹೇಳಬ್ಯಾಡ್ರಿ. ಅದೀನಿ ಅಂತ ಅಷ್ಟ ಅನ್ರಿ, ಸಾಕು."

ನಡುವೆ ಇದ್ದದ್ದು ಒಂದು ಗೇಣು ಮಣ್ಣಿನ ಗೋಡೆ. ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತೆ. ಅವಳ ಸೀಟಿಗಾಗಿ ಎಂದು ಆಗ ಅಂದುಕೊಂಡೆ. ನಿಜ ಹೇಳಬೇಕೆಂದರೆ ನನ್ನ ಕೆಲಸದ ಹೆದರಿಕೆಯೂ ಇತ್ತು. ಮೂರು ಸಲ ಕೇಳಿ ಅವಳು ನಿಲ್ಲಿಸಿದಳು. ಮರುದಿನದಿಂದ ಗೋಡೆಯ ಕಡೆ ತಿರುಗಿಯೂ ನೋಡಲಿಲ್ಲ.

ಜೈನಬಿ ಆ ವರ್ಷ ಎಲ್ಲರಿಗಿಂತ ಮೊದಲನೆಯವಳಾಗಿ ಪಾಸಾಗಿ ಕಲಬುರಗಿಗೆ ಓದಲು ಹೋದಳು. ಹೋದ ತಿಂಗಳು ಒಂದು ಡಬ್ಬಿ ಸಿಹಿ ಹಿಡಿದು ನನ್ನನ್ನು ನೋಡಲು ಬಂದಿದ್ದಳು. ಗೆಳತಿಯರು ಎಷ್ಟು ಮಂದಿ ಎಂದು ಕೇಳಿದೆ. "ಯಾರೂ ಬೇಕಾಗಿಲ್ರಿ," ಎಂದಳು. "ನೀವು ಕಲಿಸಿದ್ದು ಛಲೋತ್ನಾಗಿ ಕಲತೀನ್ರಿ. ಈಗ ನಾ ಯಾರನ್ನೂ ಏನೂ ಕೇಳಂಗಿಲ್ಲ." ಮನಸಾರೆ, ಉಪಕಾರ ನೆನೆದೇ ಹೇಳಿದಳು. ನಾನು ಆ ಡಬ್ಬಿಯನ್ನು ಮುಚ್ಚಿ ಬದಿಗಿಟ್ಟೆ.

ಅದೇ ವಾರ ನಿಮ್ಮ ಪುಸ್ತಕ ಸಿಕ್ಕಿತು. ನಮ್ಮಲ್ಲಿ ಹಾಜರಿ ಕರೆಯುವ ಪದ್ಧತಿಯಿಲ್ಲ. ಯಾರು ಎಲ್ಲಿದ್ದಾರೆ ಎನ್ನುವುದು ಜೊತೆದನಿಗೆ ಗೊತ್ತು. ನೀವು ದಿನಾ ಬೆಳಿಗ್ಗೆ ನಲವತ್ತೆರಡು ಹೆಸರು ಕರೆಯುತ್ತಿದ್ದಿರಿ, ಒಬ್ಬೊಬ್ಬರೂ ಓಗೊಡುತ್ತಿದ್ದರು ಎಂಬುದನ್ನು ಅಜ್ಜಂದಿರ ಬಾಯಿಂದ ಕೇಳಿದ್ದ ಹಳಬರನ್ನು ವಿಚಾರಿಸಿ ತಿಳಿದುಕೊಂಡೆ. ಹನ್ನೊಂದನೇ ನಂಬರಿನ ಕಸ್ತೂರಿ ಬೇವಿನಕಟ್ಟಿ ಮೂರು ದಿನ ಗೈರುಹಾಜರಾಗಿದ್ದಾಳೆ. ಪಕ್ಕದಲ್ಲಿ ನೀವು ಪೆನ್ಸಿಲಿನಲ್ಲಿ ಬರೆದಿದ್ದೀರಿ: "ಜ್ವರ. ಮನೆಗೆ ಹೋಗಿ ಬಂದೆ." ಅಷ್ಟನ್ನು ಓದಿ ಅತ್ತುಬಿಟ್ಟೆ.

ನಾಳೆ ಇಂಚರಾ ಕೊಣ್ಣೂರ ಎಂಬ ಹೊಸ ಹುಡುಗಿ ಕೋಣೆಗೆ ಬರುತ್ತಾಳೆ. ನಿಯಮಗಳನ್ನು ಇವತ್ತು ಮತ್ತೊಮ್ಮೆ ಓದಿದೆ. ಕೇಳಿದ್ದಕ್ಕೆ ಉತ್ತರ ಕೊಡಬಾರದು ಎಂದಿದೆ. ಹೆಸರು ಹಿಡಿದು ಕರೆಯಬಾರದು ಎಂದು ಎಲ್ಲೂ ಇಲ್ಲ. ಹಾಗಾಗಿ ನಲವತ್ತು ಬೆಳಿಗ್ಗೆಯೂ ಗೋಡೆಯ ಈಚೆಯಿಂದ ಅವಳ ಹಾಜರಿ ಕರೆಯುತ್ತೇನೆ. ಮೇಲಿನವರು ಒಪ್ಪದಿದ್ದರೆ ತಪ್ಪು ನನ್ನದು, ಹುಡುಗಿಯದಲ್ಲ ಎಂದು ಈಗಲೇ ಬರೆದು ಸಹಿ ಮಾಡಿಟ್ಟಿದ್ದೇನೆ. ಕೆಲಸ ಹೋದರೆ ಹೋಗಲಿ. ಜೈನಬಿಗೂ ಒಂದು ಪತ್ರ ಹಾಕಿದ್ದೇನೆ. ಅದರಲ್ಲಿ ಇರುವುದು 'ಅದೀನಿ' ಎಂಬ ಒಂದೇ ಮಾತು. ಅವಳಿಂದ ಇನ್ನೂ ಉತ್ತರ ಬಂದಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ಮಕ್ಕಳನ್ನು ಪರೀಕ್ಷೆಗೆ, ಕಾಲೇಜಿಗೆ, ಸ್ವಂತ ಕಾಲ ಮೇಲೆ ನಿಲ್ಲುವುದಕ್ಕೆ ತಯಾರು ಮಾಡುವ ಗಡಿಬಿಡಿಯಲ್ಲಿ ಹಾಜರಿಯನ್ನು ತಲೆಯೆತ್ತದೆ ಓದಿ ಮುಗಿಸಬೇಡಿ.

ಹೆಸರು ಕರೆದು ನನಗೆ ಅಭ್ಯಾಸವಿಲ್ಲ. ಅದಕ್ಕೇ ಇವತ್ತು ಖಾಲಿ ಕೋಣೆಯ ಎದುರು ನಿಮ್ಮ ಪುಸ್ತಕ ಹಿಡಿದು ನಲವತ್ತೆರಡು ಹೆಸರುಗಳನ್ನೂ ಕರೆದೆ. ಒಂದೊಂದು ಹೆಸರಾದ ಮೇಲೆ ಓಗೊಡಲು ಬೇಕಾದಷ್ಟು ಹೊತ್ತು ಬಿಟ್ಟೆ. ನಡುವೆ ದನಿ ಒಡೆಯಿತು, ನೀರು ಕುಡಿದು ಮುಂದುವರಿಸಿದೆ. ಪಟ್ಟಿ ಮುಗಿದಾಗ ಪುಸ್ತಕದ ರಟ್ಟಿನ ಮೇಲಿನ ಹೆಸರೊಂದು ಉಳಿದಿತ್ತು.

ಶಾರದಾ ಅಕ್ಕೋರ, ಅದೀರೇನ್ರಿ?

ಸೋಹನಿ ಮುಳಗುಂದ