ಲಾಭ ಆದಮೇಲೆ ಒಂದು

೧೮ ಜನವರಿ ೧೯೪೪, ಮಂಗಳವಾರ. ಮಳವಳ್ಳಿ

ಇವತ್ತೂ ಲೆವಿ ಭತ್ತ, ರೈತರು ಸರ್ಕಾರದ ಡಿಪೋಗೆ ಕಡ್ಡಾಯವಾಗಿ ಅಳೆಯಬೇಕಾದ್ದು. ಬೆಳಗಿನಿಂದ ಗಾಡಿಗಳ ಸಾಲು. ಅಳತೆಯ ಆಳು ಕರಿಯಯ್ಯ ಕೊಳಗ ತುಂಬಿ ಸುರಿಯುವುದು, ಗುಮಾಸ್ತ ನಾನು ಎಣಿಸಿ ಕೂಗುವುದು. ‘ಒಂದು’ ಅನ್ನುವ ಕಡೆ ‘ಲಾಭ’ ಅನ್ನುವುದು ಎಲ್ಲ ಕಣದಲ್ಲೂ ರೂಢಿ. ಲಾಭ, ಎರಡು, ಮೂರು... ಡಿಪೋ ಯಜಮಾನ ಶಿವಯ್ಯನವರು ಕಲಿಸಿದ್ದು ಬೇರೆ — ಲಾಭ, ಒಂದು, ಎರಡು. ಪ್ರತಿ ರೈತನಿಂದ ಒಂದು ಕೊಳಗ ಹೆಚ್ಚು. ಅದು ಹಿಂದಿನ ಕೋಣೆಗೆ, ಶನಿವಾರ ನಮ್ಮ ನಮ್ಮ ಮನೆಗೆ. ಈಗ ನಾಲಿಗೆ ತಾನಾಗಿಯೇ ಹೊರಳುತ್ತದೆ. ಥೂ.

೨೦ ಜನವರಿ

ಕಿರುಗಾವಲಿನ ದೇವಿರಮ್ಮ ಬಂದಿದ್ದಳು. ವಯಸ್ಸಾದ ಹೆಂಗಸು, ಗಂಡ ಇಲ್ಲ. ಮನೆಯಲ್ಲಿ ಅಳೆದುಕೊಂಡೇ ತಂದಿದ್ದಳು. ನಾನು ‘ಒಂದು’ ಅಂದದ್ದೇ ಕೈ ಅಡ್ಡ ಹಿಡಿದಳು.

“ಲಾಭ ಅಂದ್ಮೇಲೆ ಎಲ್ಡು ಅಲ್ವೇನಪ್ಪ?”

“ಸರ್ಕಾರದ ಲೆಕ್ಕ ಬ್ಯಾರೆ ಕಣಮ್ಮ.”

ಎಷ್ಟು ಸಲೀಸಾಗಿ ಬಂತು ಬಾಯಿಗೆ. ಕರಿಯಯ್ಯ ಮುಸಿಮುಸಿ ನಕ್ಕ. ಕೊನೆಗೆ ಒಂದು ಕೊಳಗ ಕಡಿಮೆ ಬಿತ್ತು. ನಾಳೆ ತಂದು ತುಂಬು ಅಂತ ಶಿವಯ್ಯನವರು ಗದರಿ ಕಳಿಸಿದರು.

೨೧ ಜನವರಿ

ದೇವಿರಮ್ಮ ನಡೆದೇ ಬಂದಳು. ಗಂಟು ಬಿಚ್ಚಿದಳು. ಭತ್ತದ ನಡುವೆ ಒಣಗಿದ ಬೇವಿನೆಲೆ. ಉಣ್ಣುವ ಭತ್ತಕ್ಕೆ ಯಾರು ಅಷ್ಟು ಜೋಪಾನ ಮಾಡುತ್ತಾರೆ?

“ಬ್ಯಾರೆ ಇರ್ನಿಲ್ಲ. ಬಿತ್ನೆಗೆ ಮಡಗಿದ್ದು,” ಅಂದಳು.

ತಡೆಯಬಹುದಿತ್ತು. ಕರಿಯಯ್ಯ ರಾಶಿಗೆ ಸುರಿದ. ನೋಡುತ್ತ ನಿಂತೆ.

೨೩ ಜನವರಿ, ಭಾನುವಾರ

ಹೆಂಡತಿ ಬಿಸಿ ಅನ್ನ ಬಡಿಸಿದಳು. ಡಿಪೋದ್ದು. ಎರಡು ತುತ್ತು... ಹಿತ್ತಿಲಿಗೆ ಓಡಿ ಕಕ್ಕಿದೆ. ವಿಷಯ ಹೇಳಿದೆ.

“ಎಲ್ರೂ ತರಾಕಿಲ್ವಾ? ನೀವೊಬ್ರೇ ಏನು ಸತ್ಯಹರಿಶ್ಚಂದ್ರನಾ?”

ಕಕ್ಕಿದ್ದಕ್ಕೆ ಹೇಸಿಗೆಯಿಲ್ಲ. ಬಾಯಿ ತೊಳೆದು ಬಂದು, ಅದೇ ಅನ್ನಕ್ಕೆ ಮಜ್ಜಿಗೆ ಹಾಕಿಸಿಕೊಂಡು ಉಂಡೆನಲ್ಲ — ಅದಕ್ಕೆ.

೧೨ ಫೆಬ್ರವರಿ

ಬೇಕೆಂದೇ ‘ಲಾಭ, ಎರಡು’ ಅಂದೆ. ಶಿವಯ್ಯನವರು ಪಕ್ಕಕ್ಕೆ ಕರೆದರು. “ನಾಲ್ಗೆ ತೊದಲ್ತಾ? ಎಂಡ್ರು ಮಕ್ಳು ಇಲ್ವೇನ್ಲಾ ನಿಂಗೆ?” ಮುಂದಿನ ಗಾಡಿಗೆ ಮತ್ತೆ ‘ಒಂದು’. ಒಂದು ಗಾಡಿಯಷ್ಟು ನನ್ನ ಪೌರುಷ.

೨೫ ಜೂನ್, ಭಾನುವಾರ

ನಾಲೆಗೆ ನೀರು ಬಿಟ್ಟಿದ್ದಾರೆ. ಎಲ್ಲರೂ ಬಿತ್ತನೆಯ ಮಾತು ಆಡುತ್ತಾರೆ, ನನಗೆ ಬೇವಿನೆಲೆ ಕಾಣುತ್ತದೆ. ಮನೆಯಲ್ಲಿ ಉಳಿದಿದ್ದ ಡಿಪೋ ಭತ್ತ ಹೊತ್ತು ಕಿರುಗಾವಲಿನ ಬಸ್ಸು ಹತ್ತಿದೆ.

ದೇವಿರಮ್ಮ ಜಗಲಿಯಲ್ಲಿದ್ದಳು.

“ಲೆಕ್ಕ ತಪ್ಪಿತ್ತಂತೆ ಕಣಮ್ಮ. ಸರ್ಕಾರ ವಾಪಸ್ ಕಳ್ಸೈತೆ,” ಅಂದೆ. ಅಲ್ಲೂ ಸುಳ್ಳು. ಕಳ್ಳತನ ಒಪ್ಪಿಕೊಳ್ಳುವ ಯೋಗ್ಯತೆಯೂ ಇಲ್ಲ.

ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿದಳು.

“ಇದು ನನ್ ಬಿತ್ನೆ ಅಲ್ಲ ಕಣಪ್ಪ. ಅವ್ರಿವ್ರದು, ಎಲ್ಲಾ ಬೆರ್ಕೆ.”

ಒಳಗೆ ಹೋಗಿ ಕೊಳಗ ತಂದಳು. “ನಂದು ಒಂದೇ ಕೊಳಗ. ನೀನೇ ಎಣ್ಸು.”

ತುಂಬಿ, ಕೊಳಗದ ತಲೆ ಸವರಿ, ಮೊರಕ್ಕೆ ಸುರಿದಳು. “ಲಾಭ,” ಅಂದೆ.

ಕೊಳಗ ಕೆಳಗಿಡಲಿಲ್ಲ. ನನ್ನ ಬಾಯನ್ನೇ ನೋಡುತ್ತ ಕೇಳಿದಳು —

“ಲಾಭ ಆಯ್ತು. ಸರ್ಕಾರದ ಲೆಕ್ಕದಾಗೆ ಒಂದು ಇನ್ನೂ ಬರ್ನಿಲ್ವಲ್ಲಪ್ಪ?”

ಬಾಯಿ ತೆರೆದೆ. ನಾನು ಅಂದದ್ದು — “ಲಾಭಾನೇ ಒಂದು ಕಣಮ್ಮ, ಅವತ್ತಿನ ಆ ಒಂದು ನಾನು ಕದ್ದದ್ದು.”